ಮೇಲಿನವರ ಬಚ್ಚಲು, ನಮ್ಮ ಸಾರು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಸೀಲಿಂಗನ್ನು. ಮನೆಯವರು ಪಾಪ, ಇವಳಿಗೆ ಸೆಕೆ ಅಂದುಕೊಂಡು ಓಡಿಹೋಗಿ ಫ್ಯಾನ್ ಹಾಕುತ್ತಾರೆ. ಡಿಸೆಂಬರ್ ಚಳಿಯಲ್ಲೂ ಸೆರಗು ಹೊದ್ದು ಫ್ಯಾನಿನ ಕೆಳಗೆ ಕೂತು ಎಷ್ಟು ಮನೆಗಳಲ್ಲಿ ಕಾಫಿ ಕುಡಿದಿದ್ದೇನೋ ಗೊತ್ತಿಲ್ಲ. ಮೂಲೆಯಲ್ಲೆಲ್ಲಾದರೂ ಒಂದು ಕಂದು ಕಲೆ ಕಂಡುಬಿಟ್ಟರೆ ನನಗೆ ಒಳಗೊಳಗೇ ಸಮಾಧಾನ. ಓ, ಇವರ ಮನೆಯೂ ಸೋರುತ್ತದೆ. ಆಮೇಲೆ ಆ ಮನೆಯ ಹೆಂಗಸಿನ ಜೊತೆ ಮಾತಾಡುವುದು ಬಹಳ ಸಲೀಸು.

ಈ ಚಾಳಿ ಶುರುವಾಗಿದ್ದು ಲಗ್ಗೆರೆಯ ನಮ್ಮ ಶೀಟಿನ ಮನೆಯಲ್ಲಿ. ನಮ್ಮಪ್ಪ ಪೀಣ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಗೋಡೆ ಇಟ್ಟಿಗೆಯದು, ಮೇಲೆ ಸಿಮೆಂಟ್ ಶೀಟು, ಶೀಟು ಬಿಗಿದ ಬೋಲ್ಟುಗಳ ಪಕ್ಕದಲ್ಲೆಲ್ಲ ತೂತು. ಪ್ರತಿ ಬೇಸಿಗೆಯಲ್ಲೂ ಅಪ್ಪ ಹಳೇ ಡಬ್ಬದಲ್ಲಿ ಡಾಂಬರು ಕಾಯಿಸಿ, ಮೇಲೆ ಹತ್ತಿ, ತೂತುಗಳಿಗೆ ಮೆತ್ತಿ ಇಳಿಯುತ್ತಿದ್ದರು. ಮಳೆಗಾಲದ ಹೊತ್ತಿಗೆ ತೂತು ಮಾತ್ರ ಒಂದಡಿ ಆಚೆಗೆ ಸರಿದಿರುತ್ತಿತ್ತು. ಮಳೆ ಬಂದರೆ ನಾವು ಮೂವರು ಅಕ್ಕತಂಗಿಯರೂ ಒಂದೊಂದು ಪಾತ್ರೆ ಹಿಡಿದು ಒಂದೊಂದು ತೂತಿನ ಕೆಳಗೆ ಕೂರುತ್ತಿದ್ದೆವು. ಯಾರ ಪಾತ್ರೆ ಮೊದಲು ತುಂಬುತ್ತದೋ ಅವರು ಗೆದ್ದ ಹಾಗೆ, ಗೆದ್ದವರಿಗೆ ಅಮ್ಮನ ಪಕ್ಕದ ಒಣ ಜಾಗ. ನಾನು ಮೂವರಲ್ಲಿ ಚಿಕ್ಕವಳು, ನನ್ನ ತೂತೂ ಚಿಕ್ಕದು. ಕುಡಿಯುವ ಲೋಟದಿಂದ ಯಾರಿಗೂ ಕಾಣದ ಹಾಗೆ ನನ್ನ ಪಾತ್ರೆಗೆ ನೀರು ಬಗ್ಗಿಸಿಕೊಂಡು ಬಹಳ ಸಲ ಗೆದ್ದಿದ್ದೇನೆ. ಸೋರುವ ವಿಷಯದಲ್ಲಿ ನಾನು ಅಷ್ಟೇನೂ ಪ್ರಾಮಾಣಿಕಳಲ್ಲ ಅನ್ನುವುದನ್ನು ಈಗಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ನನಗೆ ಗಂಡು ಹುಡುಕುವಾಗ ಅಮ್ಮನದು ಒಂದೇ ಷರತ್ತು. ಹುಡುಗ ಕಪ್ಪಿದ್ದರೂ ಸರಿ, ಕುಳ್ಳಗಿದ್ದರೂ ಸರಿ, ಮನೆಗೆ ತಾರಸಿ ಇರಬೇಕು. ನಮ್ಮ ಮಾವನವರು ಹೆಣ್ಣು ನೋಡಲು ಬಂದು, ಉಪ್ಪಿಟ್ಟು ತಿಂದು, ಮಗನ ಸಂಬಳದ ವಿಷಯ ಶುರು ಮಾಡುವಷ್ಟರಲ್ಲಿ ಅಮ್ಮ ಬಾಗಿಲ ಮರೆಯಿಂದ, "ಮನೆ ಶೀಟಿಂದಾ, ತಾರಸೀದಾ?" ಅಂತ ಕೇಳಿದ್ದರು. ಮಾವನವರು ಮೀಸೆ ತೀಡಿಕೊಂಡು, "ತಾರಸಿ ಮೇಲೆ ತಾರಸಿ ಕಣಮ್ಮ," ಅಂದರು. ಅಲ್ಲಿಗೆ ನನ್ನ ಮದುವೆ ಗೊತ್ತಾಯಿತು.

ಅವರು ಹೇಳಿದ್ದು ಸುಳ್ಳಲ್ಲ. ಹೊಸಹಳ್ಳಿ ಕಡೆಯ ಅವರ ರಾಗಿ ಹೊಲ ಎಲ್ಲ ಬಡಾವಣೆಗಳಿಗೆ ಹೋದ ಮೇಲೆ ಉಳಿದಿದ್ದು ವಿಜಯನಗರದ ಆರ್‌ಪಿಸಿ ಲೇಔಟಿನ ಒಂದು ಸೈಟು. ಅದರಲ್ಲಿ ಮಾವ ಎರಡು ಅಂತಸ್ತು ಕಟ್ಟಿಸಿ, ಮೇಲಿನದು ದೊಡ್ಡ ಮಗನಿಗೆ, ಕೆಳಗಿನದು ಚಿಕ್ಕ ಮಗನಿಗೆ ಅಂತ ಬರೆದಿಟ್ಟು ಹೋದರು. ಚಿಕ್ಕ ಮಗ ನಮ್ಮವರು. ದೊಡ್ಡ ಮಗನನ್ನು ನಾನು ಭಾವ ಅನ್ನುತ್ತೇನೆ. ಭಾವನ ಹೆಂಡತಿ ಜಯಕ್ಕ, ನನ್ನ ವಾರಗಿತ್ತಿ. ನಾನು ಹೇಳಲು ಹೊರಟಿರುವುದು ಈ ಜಯಕ್ಕನ ಬಚ್ಚಲಿನ ವಿಷಯ.

ಅದಕ್ಕೆ ಮೊದಲು ಹೋಳಿಗೆ ಡಬ್ಬಿಯ ವಿಷಯ ಹೇಳಬೇಕು. ಒಂದು ಯುಗಾದಿಗೆ ನಾನು ಸ್ಟೀಲ್ ಡಬ್ಬಿ ತುಂಬ ಹೋಳಿಗೆ ಹಾಕಿ ಮೇಲೆ ಕಳಿಸಿದೆ. ನಮ್ಮ ಕಡೆ ಯಾರೂ ಬರೀ ಡಬ್ಬಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಾರೆ. ನಾಲ್ಕು ದಿನದ ಮೇಲೆ ಭಾವನ ಕೈಯಲ್ಲಿ ಡಬ್ಬಿ ಬಂತು, ಬೋಳು ಬೋಳಾಗಿ. ನಾನು ಏನೂ ಅನ್ನಲಿಲ್ಲ. ಮುಂದಿನ ಹಬ್ಬಕ್ಕೆ ಏನೂ ಕಳಿಸಲಿಲ್ಲ. ಜಯಕ್ಕನೂ ಏನೂ ಅನ್ನಲಿಲ್ಲ. ಹೀಗೆ ಇಬ್ಬರೂ ಏನೂ ಅನ್ನದೆ ಎರಡು ವರ್ಷ ಕಳೆದವು. ಮೆಟ್ಟಿಲ ಮೇಲೆ ಎದುರಾದರೆ ಅವರು ಮೊಬೈಲ್ ನೋಡುತ್ತಿದ್ದರು, ನಾನು ತುಳಸಿ ಗಿಡ ನೋಡುತ್ತಿದ್ದೆ. ಅಣ್ಣತಮ್ಮ ಮಾತ್ರ ಮಾತು ಬಿಟ್ಟಿರಲಿಲ್ಲ. ಆದರೆ ಅವರಿಬ್ಬರಿಗೂ ಹೆಂಡತಿಯರ ಭಯ, ಹಾಗಾಗಿ ಮನೆಯಲ್ಲಿ ಮಾತಾಡದೆ ಬೀದಿ ಕೊನೆಯ ಟೀ ಅಂಗಡಿಯಲ್ಲಿ ಮಾತಾಡಿಕೊಂಡು, ಐದು ನಿಮಿಷದ ಅಂತರದಲ್ಲಿ ಬೇರೆ ಬೇರೆಯಾಗಿ ಮನೆಗೆ ಬರುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಸೊಪ್ಪಿನ ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. ಪಾತ್ರೆಗೆ ಟಪ್ ಅಂತ ಏನೋ ಬಿತ್ತು. ಹಲ್ಲಿ ಇರಬೇಕೆಂದು ಗಾಬರಿಯಾಗಿ ಸೌಟು ಹಾಕಿ ತಡಕಿದೆ. ಹಲ್ಲಿಯಲ್ಲ, ಹೆಬ್ಬೆರಳಿನಷ್ಟು ದೊಡ್ಡ ಗಾರೆ ಚಕ್ಕೆ. ತಲೆ ಎತ್ತಿ ನೋಡಿದರೆ ಒಲೆಯ ಮೇಲ್ಗಡೆ ಸೀಲಿಂಗಿನಲ್ಲಿ ತಟ್ಟೆಯಷ್ಟಗಲ ತೇವ. ಮಳೆ ಹೋಗಿ ತಿಂಗಳ ಮೇಲಾಗಿತ್ತು. ನಮ್ಮ ಅಡುಗೆಮನೆಯ ನೆತ್ತಿಯ ಮೇಲೆ ಇರುವುದು ಜಯಕ್ಕನ ಬಚ್ಚಲು. ಇನ್ನೇನು ಬೇಕು? ನನಗೆ ಆದ ಸಂಕಟ ಎಷ್ಟು, ಸಂತೋಷ ಎಷ್ಟು ಅಂತ ಬೇರ್ಪಡಿಸಿ ಹೇಳುವುದು ಕಷ್ಟ.

ನಾನಾಗಿ ಮಾತಾಡುವ ಹಾಗಿಲ್ಲ. ಸೀಲಿಂಗಿನ ಫೋಟೋ ತೆಗೆದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಂದು ಅಕ್ಷರವನ್ನೂ ಬರೆಯಲಿಲ್ಲ. ಭಾವ ಅದಕ್ಕೆ ಗುಲಾಬಿ ಹೂವಿರುವ ಶುಭೋದಯ ಕಳಿಸಿದರು. ಕೆಂಗೇರಿಯ ನಮ್ಮ ಚಿಕ್ಕತ್ತೆ, "ಯಾವ ಊರಿನ ಮ್ಯಾಪು ಲತಾ?" ಅಂತ ಕೇಳಿದರು. ಜಯಕ್ಕ ನೋಡಿದ್ದಕ್ಕೆ ಎರಡು ನೀಲಿ ಗೆರೆ ಬಿತ್ತು, ಅಷ್ಟೇ.

ಕೊನೆಗೆ ನಮ್ಮವರು ಮುನಿರಾಜಣ್ಣನನ್ನು ಕರೆದುಕೊಂಡು ಬಂದರು. ಮುನಿರಾಜಣ್ಣ ಮಾಗಡಿ ಕಡೆಯ ಗಾರೆ ಮೇಸ್ತ್ರಿ, ಅರವತ್ತು ದಾಟಿದ ಮನುಷ್ಯ. ವಿಜಯನಗರದಲ್ಲಿ ಅರ್ಧ ಮನೆಗಳ ಗೋಡೆ ಒಳಗೆ ಏನಿದೆ ಅಂತ ಅವರಿಗೆ ಗೊತ್ತು. ಬಂದವರೇ ಸ್ಟೂಲ್ ಹತ್ತಿ, ಬೆರಳಿನ ಗಿಣ್ಣಿನಿಂದ ಸೀಲಿಂಗ್ ತಟ್ಟಿ, ಡಾಕ್ಟರ ಹಾಗೆ ಕಿವಿಗೊಟ್ಟು ಕೇಳಿದರು.

"ಒಳಗೆ ನೀರು ಕುಡಿದೈತೆ ಕಣಮ್ಮ. ಮೇಲೆ ಒಸಿ ನೋಡ್ಬೇಕು."

"ನೋಡೋದೇನಿದೆ? ಅವರ ಬಚ್ಚಲು ಸೋರ್ತಾ ಇದೆ. ಒಡೆಸಿ ರಿಪೇರಿ ಮಾಡಿಸ್ಕೊಳ್ಳೋಕೆ ಹೇಳಿ," ಅಂದೆ.

ಅವರು ಮೇಲೆ ಹೋದರು. ನಮ್ಮ ಮೆಟ್ಟಿಲು ಮನೆ ನಡುವೆಯೇ ಇರುವುದರಿಂದ ಮೇಲೆ ಆಡಿದ್ದೆಲ್ಲ ಕೆಳಗೆ ಕೇಳುತ್ತದೆ.

"ಲತಮ್ಮ ಕೇಳ್ತಾವ್ರೆ, ತೊಂದ್ರೆ ಇಲ್ದಿದ್ರೆ ಬಚ್ಚಲು ಒಂದ್ಸಲ ನೋಡ್ಬೋದಾ ಅಂತ," ಅಂದರು ಮುನಿರಾಜಣ್ಣ.

"ಅವಳು ಒಗ್ಗರಣೆ ಹಾಕೋವಾಗ ಕಿಟಕಿ ತೆಗೆಯಲ್ಲ. ಹಬೆಗೆ ಗಾರೆ ಉದುರುತ್ತೆ. ಮೊದಲು ಕಿಟಕಿ ತೆಗೆಯೋಕೆ ಹೇಳಿ," ಅಂದರು ಜಯಕ್ಕ.

ಮುನಿರಾಜಣ್ಣ ಕೆಳಗಿಳಿದು ಬಂದು, "ಜಯಮ್ಮ ನಿಮ್ಮ ಆರೋಗ್ಯ ಕೇಳಿದ್ರು," ಅಂದರು. ಎರಡೂ ಕಡೆ ಎಲ್ಲ ಕೇಳಿಸುತ್ತದೆ ಅನ್ನುವುದು ಅವರಿಗೂ ಗೊತ್ತಿತ್ತು. ಆದರೂ ಆ ಮನುಷ್ಯ ನಾಲ್ಕು ಸಲ ಹತ್ತಿ ಇಳಿದು, ನಮ್ಮಿಬ್ಬರ ಮಾತನ್ನೂ ತೊಳೆದು ಒಣಗಿಸಿ ಮಡಿಚಿ ತಂದುಕೊಟ್ಟರು.

ಕೊನೆಗೆ ಅವರೇ ಒಂದು ದಾರಿ ಹೇಳಿದರು. ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಅದನ್ನು ನೀರಿಗೆ ಕಲಸಿ ಮೇಲಿನ ಬಚ್ಚಲಿನ ನೆಲದ ಮೇಲೆ ನಿಲ್ಲಿಸುವುದು. ನೀರು ಹೋಗುವ ಕಂಡಿಗೆ ಬಟ್ಟೆ ತುರುಕುವುದು. ಒಂದು ದಿನ ಬಿಟ್ಟು ಕೆಳಗಿನ ಸೀಲಿಂಗಿನಲ್ಲಿ ನೀಲಿ ಬಂದರೆ ಬಚ್ಚಲಿನದೇ ತಪ್ಪು. ಬರದಿದ್ದರೆ ಬೇರೆ ಕಡೆ ಹುಡುಕಬೇಕು. "ಈ ಪರೀಕ್ಷೆ ನನಗೆ ಯಾವತ್ತೂ ಕೈ ಕೊಟ್ಟಿಲ್ಲ," ಅಂದರು. ಅವರಿಗೆ ಆವತ್ತು ಬಸವೇಶ್ವರನಗರದಲ್ಲಿ ಬೇರೆ ಕೆಲಸ ಇತ್ತು. ನೀಲಿಯ ಪೊಟ್ಟಣವನ್ನು ಜಯಕ್ಕನ ಕೈಗೆ ಕೊಟ್ಟು, ಕಲಸುವುದು ಹೇಗೆ ಅಂತ ಹೇಳಿ, ನಾಳೆ ಸಂಜೆ ಐದಕ್ಕೆ ಬರುತ್ತೇನೆ ಅಂತ ಹೊರಟರು.

ಮಾರನೆಯ ದಿನ ನಾನು ಮಾಡಿದ್ದು ಒಂದೇ ಕೆಲಸ, ಸೀಲಿಂಗ್ ನೋಡುವುದು. ಬೆಳಿಗ್ಗೆ ನೋಡಿದೆ, ಕಂದು. ಹತ್ತು ಗಂಟೆಗೆ ನೋಡಿದೆ, ಕಂದು. ಮಧ್ಯಾಹ್ನ ಟಾರ್ಚ್ ಹಾಕಿ ನೋಡಿದೆ, ಇನ್ನೂ ಸ್ವಲ್ಪ ಜಾಸ್ತಿ ಕಂದು. ಅಷ್ಟರಲ್ಲಿ ನಾನು ನಮ್ಮಮ್ಮನಿಗೆ, ನಮ್ಮಕ್ಕಂದಿರಿಗೆ, ಎದುರು ಮನೆಯವರಿಗೆ, ಹೂವಿನವಳಿಗೆ, ಎಲ್ಲರಿಗೂ ಮೇಲಿನವರ ಬಚ್ಚಲು ಸೋರುತ್ತಿದೆ ಅಂತ ಹೇಳಿ ಮುಗಿಸಿದ್ದೆ. ಈಗ ನೀಲಿ ಬರದೇ ಹೋದರೆ? ಜಯಕ್ಕ ಕಿಟಕಿ ತೆಗೆಯೋಕೆ ಹೇಳಿ ಅಂದಿದ್ದು ಕಿವಿಯಲ್ಲೇ ಇತ್ತು.

ನಾಲ್ಕೂವರೆ ಆಯಿತು. ನಮ್ಮವರ ಬಿಳಿ ಅಂಗಿಗಳಿಗೆ ಹಾಕುವ ನೀಲಿ ಬಾಟಲಿ ನಮ್ಮ ಬಚ್ಚಲಲ್ಲಿತ್ತು. ನಾನು ಅದನ್ನು ತಂದಿದ್ದು ಬರೀ ಹೋಲಿಸಿ ನೋಡೋಣ ಅಂತ. ನಿಜವಾಗಿಯೂ. ಬಟ್ಟಲಿನಲ್ಲಿ ನೀರು ತೆಗೆದುಕೊಂಡಿದ್ದೂ ಬಣ್ಣ ಹೇಗೆ ಕಾಣುತ್ತದೆ ನೋಡೋಣ ಅಂತಲೇ. ದೇವರ ಮನೆಯಿಂದ ಒಂದು ಬತ್ತಿ ತಂದಿದ್ದಕ್ಕೆ ಮಾತ್ರ ಯಾವ ಕಾರಣವನ್ನೂ ಕೊಡಲಾರೆ. ಸ್ಟೂಲ್ ಹತ್ತಿದರೂ ನನಗೆ ಸೀಲಿಂಗ್ ಎಟುಕಲಿಲ್ಲ. ಅಡುಗೆ ಕಟ್ಟೆ ಹತ್ತಿ, ಮಿಕ್ಸಿ ಪಕ್ಕಕ್ಕೆ ಸರಿಸಿ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬತ್ತಿ ಅದ್ದಿ ತೇವದ ಮಧ್ಯಕ್ಕೆ ಒತ್ತಿದೆ. ಮೊದಲ ಸಲ ಆಕಾಶದ ಬಣ್ಣ ಬಂತು, ಅತಿಯಾಯಿತು. ಸೆರಗಿನ ತುದಿಯಿಂದ ಒರೆಸಿ, ನೀರು ಜಾಸ್ತಿ ಮಾಡಿ, ಅಂಚಿನಲ್ಲಿ ಸ್ವಲ್ಪ, ನಡುವೆ ಸ್ವಲ್ಪ, ಒಸರಿ ಬಂದ ಹಾಗೆ ಮೆತ್ತಿದೆ. ಐವತ್ತೆರಡನೆಯ ವಯಸ್ಸಿನಲ್ಲಿ, ಮಂಡಿ ನೋವಿಗೆ ಔಷಧಿ ತೆಗೆದುಕೊಳ್ಳುತ್ತಿರುವ ಹೆಂಗಸು, ಅಡುಗೆ ಕಟ್ಟೆ ಮೇಲೆ ನಿಂತು ಕೈ ಎತ್ತಿ ಸೀಲಿಂಗಿಗೆ ಬತ್ತಿ ಹಿಡಿದಿರುವುದನ್ನು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ. ಇಳಿಯುವಾಗ ಒಂದು ಹನಿ ಮೊಸರಿಗೆ ಬಿತ್ತು. ಆ ಮೊಸರನ್ನು ಕರಿಬೇವಿನ ಗಿಡಕ್ಕೆ ಸುರಿದೆ.

ಐದಕ್ಕೆ ಸರಿಯಾಗಿ ಮುನಿರಾಜಣ್ಣ ಬಂದರು. ತಲೆ ಎತ್ತಿ ನೋಡಿದರು. "ಬಂದೈತೆ," ಅಂದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು, "ಬಂದಿದ್ಯಾ?" ಅಂತ ಕೇಳಿದೆ.

ನಮ್ಮವರು ಅಳುಕುತ್ತಾ ಮೇಲೆ ಹೋಗಿ, "ಅಣ್ಣ, ನೀಲಿ ಬಂದಿದೆಯಂತೆ," ಅಂದರು. ಆಮೇಲೆ ಮೆಟ್ಟಿಲಿನಲ್ಲಿ ಗೆಜ್ಜೆ ಇಲ್ಲದ ಕಾಲುಂಗುರದ ಟಿಕ್ ಟಿಕ್. ಎರಡು ವರ್ಷದ ಮೇಲೆ ಮೊದಲ ಸಲ ಜಯಕ್ಕ ನನ್ನ ಅಡುಗೆಮನೆಗೆ ಬಂದರು. ಬಂದು ಒಲೆಯ ಮುಂದೆ ನಿಂತು ತಲೆ ಎತ್ತಿ ಆ ನೀಲಿಯನ್ನೇ ನೋಡಿದರು. ಜಗಳಕ್ಕೆ ನಾನು ಪೂರ್ತಿ ತಯಾರಾಗಿದ್ದೆ. ಅವರು ನಿಧಾನವಾಗಿ ತಲೆ ಇಳಿಸಿ, ನನ್ನ ಮುಖ ನೋಡಿ, "ಹೌದು, ನೀಲೀನೇ," ಅಂದರು. ಮತ್ತೆ, "ಸರಿ. ಒಡೀಲಿ," ಅಂತ ಹೇಳಿ ಹೊರಟುಹೋದರು. ಸೋತವರ ನೋಟ ಹೀಗಿರುತ್ತದೆ ಅಂತ ನಾನು ಅಂದುಕೊಂಡೆ. ಆವತ್ತು ಕಡಲೆಬೇಳೆ ಪಾಯಸ ಮಾಡಿದೆ.

ಮಾರನೆಯ ದಿನದಿಂದ ಮೇಲೆ ಒಡೆಯುವ ಕೆಲಸ ಶುರು. ನನ್ನ ಸಂತೋಷ ಒಂದೇ ದಿನಕ್ಕೆ ಮುಗಿಯಿತು. ಯಾಕೆಂದರೆ ಮೇಲಿನ ಮನೆಗೆ ಇರುವುದು ಅದೊಂದೇ ಬಚ್ಚಲು. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಹೆಗಲ ಮೇಲೆ ಟವೆಲು, ಕೈಯಲ್ಲಿ ಸೋಪು ಡಬ್ಬಿ ಹಿಡಿದು ಜಯಕ್ಕ, ಅವರ ಹಿಂದೆ ಎರಡು ಮೆಟ್ಟಿಲು ಬಿಟ್ಟು ಅದೇ ಭಂಗಿಯಲ್ಲಿ ಭಾವ.

"ಸ್ನಾನಕ್ಕೆ," ಅಂದರು ಜಯಕ್ಕ.

"ಬನ್ನಿ," ಅಂದೆ.

ಎರಡು ವರ್ಷದ ಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಕೊಟ್ಟಿದ್ದು ಇದೇ ಮೊದಲು. ಮೊದಲ ದಿನ ಅಷ್ಟಕ್ಕೇ ನಿಂತಿತು. ಎರಡನೆಯ ದಿನ ಅವರು, "ನೀರು ತುಂಬಾ ಬಿಸಿ," ಅಂದರು. ನಾನು, "ಸೋಲಾರ್," ಅಂದೆ. ಮೂರನೆಯ ದಿನ ತಲೆಗೆ ನೀರು ಹಾಕಿಕೊಂಡಿದ್ದರು, ಕೂದಲು ಒಣಗುವವರೆಗೂ ನಮ್ಮ ಹಿತ್ತಲ ಬಿಸಿಲಿನಲ್ಲಿ ಕೂತರು, ನಾನು ಕಾಫಿ ಕೊಟ್ಟೆ. ಕಾಫಿ ಕುಡಿದು ಲೋಟ ತೊಳೆಯಲು ಎದ್ದರು. ನಾನು ಬೇಡ ಅಂದೆ.

"ಬೇಡ ಯಾಕೆ, ಆಮೇಲೆ ಲೋಟ ಹಂಗೇ ಇಟ್ಟು ಹೋದ್ಳು ಅಂತೀಯ," ಅಂದರು.

"ಡಬ್ಬಿ ಬರೀದು ಕಳಿಸಿದಾಗ ನಾನೇನಾದ್ರೂ ಅಂದ್ನಾ?" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು.

"ಯಾವ ಡಬ್ಬಿ?"

"ಹೋಳಿಗೆ ಡಬ್ಬಿ. ಯುಗಾದಿದು."

ಜಯಕ್ಕ ಒದ್ದೆ ಕೂದಲನ್ನು ಹಿಂದಕ್ಕೆ ಹಾಕಿಕೊಂಡು ನನ್ನನ್ನೇ ನೋಡಿದರು. "ಲತಾ, ಅದರ ತುಂಬ ಕೊಬ್ಬರಿ ಮಿಠಾಯಿ ಹಾಕಿ ಕಳಿಸಿದ್ದೆ ಕಣೇ. ಸಿಹಿ ಹೆಂಗಿತ್ತು ಅಂತ ಕೂಡ ನೀನು ಹೇಳ್ಲಿಲ್ಲ. ನಂಗೆಷ್ಟು ಬೇಜಾರಾಗಿತ್ತು ಗೊತ್ತಾ?"

ಭಾವ ಆಗತಾನೇ ಸ್ನಾನ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಹೊರಗೆ ಬಂದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಐದು ವರ್ಷವಾಗಿತ್ತು, ಮನೆಯಲ್ಲಿ ಸಿಹಿ ಮುಟ್ಟಲು ಜಯಕ್ಕ ಬಿಡುತ್ತಿರಲಿಲ್ಲ. ಮೇಲಿನ ಮನೆಯಿಂದ ಕೆಳಗಿನ ಮನೆಗೆ ಹದಿನೆಂಟು ಮೆಟ್ಟಿಲು. ನಾವಿಬ್ಬರೂ ಅವರನ್ನು ನೋಡಿದೆವು. ಅವರು, "ಏನು?" ಅಂದರು. "ಏನಿಲ್ಲ," ಅಂದರು ಜಯಕ್ಕ. ಭಾವ ಹೋದ ಮೇಲೆ ನಾವು ಎಷ್ಟು ನಕ್ಕೆವೆಂದರೆ ಎದುರು ಮನೆಯವರು ಕಿಟಕಿ ತೆಗೆದು ನೋಡಿದರು.

ಆ ನಗುವಿನ ನಡುವೆಯೇ ಮೇಲಿನಿಂದ ಟೈಲ್ಸ್ ಒಡೆಯುವ ಸದ್ದು ಬರುತ್ತಿತ್ತು. ಪ್ರತಿ ಏಟೂ ನನ್ನ ತಲೆಯ ಮೇಲೇ ಬೀಳುತ್ತಿತ್ತು. ಇನ್ನು ಹೇಳಿ ಪ್ರಯೋಜನವೂ ಇಲ್ಲ, ಅರ್ಧ ಬಚ್ಚಲು ಆಗಲೇ ಗೋಣಿಚೀಲದಲ್ಲಿತ್ತು. ಸೋರುತ್ತಿದ್ದುದು ಅದೇ ಇದ್ದಿರಲೂಬಹುದು ಅಂತ ಸಮಾಧಾನ ಮಾಡಿಕೊಂಡೆ. ಬರಬೇಕಾದ ನೀಲಿ ಸ್ವಲ್ಪ ತಡವಾಗಿ ಬರುತ್ತಿತ್ತೇನೋ, ನಾನು ಸ್ವಲ್ಪ ಮುಂಚೆ ತಂದೆ, ಅಷ್ಟೇ.

ಮೇಲೆ ಹೊಸ ನೆಲ ಬಂತು. ಕೆಳಗೆ ಮುನಿರಾಜಣ್ಣ ತೇವ ಹಿಡಿದ ಗಾರೆಯನ್ನೆಲ್ಲ ಕೆತ್ತಿ, ಒಣಗಲು ಬಿಟ್ಟು, ಹೊಸದಾಗಿ ಮೆತ್ತಿ, ನುಣ್ಣಗೆ ತಿಕ್ಕಿ, ಬಿಳಿ ಬಣ್ಣ ಬಳಿದರು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ತಾರಸಿ ಅಂದ್ರೆ ತಾರಸಿ," ಅಂದರು ಅಮ್ಮ.

ಬಣ್ಣ ಬಳಿದ ಒಂಬತ್ತನೆಯ ದಿನ ನಾನು ಮುದ್ದೆ ತಿರುವುತ್ತಿದ್ದಾಗ ಕೈಯ ಮೇಲೆ ಒಂದು ಹನಿ ಬಿತ್ತು. ನೋಡಿದರೆ ಅದೇ ಜಾಗ, ಮೊದಲಿಗಿಂತ ಎರಡರಷ್ಟು ಅಗಲ.

ಮುನಿರಾಜಣ್ಣ ಬಂದು ನೋಡಿದರು. ಮೇಲೆ ಕೆಳಗೆ ಓಡಾಡಿ ಒಂದೊಂದೇ ವಾಲ್ವ್ ಮುಚ್ಚುತ್ತಾ ಬಂದರು. ಮಧ್ಯಾಹ್ನದ ಹೊತ್ತಿಗೆ ಹನಿ ನಿಂತಿತು. ನಿಂತಿದ್ದು ನಮ್ಮ ಸೋಲಾರ್ ಪೈಪಿನ ವಾಲ್ವ್ ಮುಚ್ಚಿದಾಗ. ಪಾತ್ರೆ ತೊಳೆಯಲು ಬಿಸಿನೀರು ಬೇಕು ಅಂತ ಆರು ವರ್ಷದ ಹಿಂದೆ ನಾನು ಹಟ ಹಿಡಿದು ಹಾಕಿಸಿದ ಪೈಪು ಅದು. ಹೊರಗೋಡೆಯ ಮೇಲೆ ಹೋದರೆ ಮನೆಯ ಅಂದ ಕೆಡುತ್ತದೆ, ಗೋಡೆ ಒಳಗೇ ಹೋಗಲಿ ಅಂತ ಹೇಳಿದವಳೂ ನಾನೇ. ಗೋಡೆ ಒಳಗೆ ಎಲ್ಲೋ ಜಾಯಿಂಟು ಬಿಟ್ಟುಕೊಂಡು, ನನ್ನ ನೀರು ನನ್ನ ಸಾರಿಗೇ ಬೀಳುತ್ತಿತ್ತು.

ಇಷ್ಟು ಗೊತ್ತಾದರೆ ಮೇಸ್ತ್ರಿಗೆ ಖುಷಿಯಾಗಬೇಕಿತ್ತು. ಅವರು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು.

"ಹಂಗಾದ್ರೆ ನೀಲಿ ಹೆಂಗೆ ಬಂತು?" ಅಂದರು.

ನಾನು ಸಿಂಕಿನ ಕಡೆ ತಿರುಗಿಕೊಂಡೆ.

"ಬಿಸಿನೀರಿನ ಪೈಪಲ್ಲಿ ನೀಲಿ ಇಲ್ಲ. ಬಚ್ಚಲು ಸೋರ್ತಿಲ್ಲ. ನೀಲಿ ಹೆಂಗೆ ಬಂತು ಲತಮ್ಮ?" ಅವರು ನನ್ನನ್ನು ಅನುಮಾನಿಸಿ ಕೇಳುತ್ತಿರಲಿಲ್ಲ, ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಕೊಟ್ಟ ಟೀಯನ್ನೂ ಮುಟ್ಟಲಿಲ್ಲ. "ಇಷ್ಟು ವರ್ಷ ಎಷ್ಟು ಮನೆಗೆ ಇದೇ ಪರೀಕ್ಷೆ ಮಾಡಿದೀನಿ. ಅವರ್ದೆಲ್ಲ ಸುಮ್ನೆ ಒಡೆದು ಹಾಕಿದೀನಾ ಹಂಗಾದ್ರೆ? ಕಣ್ಣು ಮಂಜಾಯ್ತೋ, ಬುದ್ಧಿ ಮಂಜಾಯ್ತೋ. ನಿಮ್ಮದೊಂದು ಮುಗಿಸಿಕೊಟ್ಟು ಗಾರೆ ಕರಣೆ ಕೆಳಗಿಟ್ಬುಡ್ತೀನಿ. ಊರಿಗೋಗಿ ಕುರಿ ಮೇಯಿಸ್ಕೊಂಡಿರ್ತೀನಿ." ಅಷ್ಟು ಹೇಳಿ, ಸಾಮಾನು ಚೀಲ ಹೆಗಲಿಗೆ ಹಾಕಿಕೊಂಡು, ನಾಳೆ ಗೋಡೆ ಕೆತ್ತಲು ಬರುತ್ತೇನೆ ಅಂತ ಹೊರಟರು. ಗೇಟು ತೆಗೆಯುವಾಗ ಅವರ ಕೈ ಚಿಲಕ ಹುಡುಕುತ್ತಿತ್ತು.

ಇಲ್ಲಿಯವರೆಗೂ ನನಗೆ ಇದೊಂದು ಆಟ. ಅವರು ಹಾಗೆ ಹೋದ ಮೇಲೆ ಮಾತ್ರ ಅದು ಆಟವಾಗಿ ಉಳಿಯಲಿಲ್ಲ. ಬಚ್ಚಲು ಒಡೆದರೆ ಕಟ್ಟಬಹುದು. ಕೈಕಸುಬಿನ ಮನುಷ್ಯನ ನಂಬಿಕೆಗೆ ನಾನು ಬತ್ತಿ ಇಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಅವರು ಬರುವ ಮೊದಲೇ ನಾನು ಮೇಲೆ ಹೋದೆ. ಜಯಕ್ಕ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನಾನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡು ಹಿತುಕಲು ಶುರು ಮಾಡಿದೆ. ಹತ್ತು ಕಾಳು ಹಿತುಕಿದ ಮೇಲೆ ಹೇಳಿದೆ.

"ಅಕ್ಕ, ಆ ನೀಲಿ ಮೇಲಿಂದ ಬಂದಿದ್ದಲ್ಲ. ನಾನೇ ಬತ್ತೀಲಿ ಹಚ್ಚಿದ್ದು."

ಜಯಕ್ಕ ತಲೆ ಎತ್ತಲಿಲ್ಲ. ಅವರ ಬೆರಳಿನ ಸಂದಿಯಿಂದ ಒಂದು ಬೇಳೆ ಚಿಮ್ಮಿ ಪಾತ್ರೆಗೆ ಬಿತ್ತು.

"ಗೊತ್ತು," ಅಂದರು.

"ಗೊತ್ತಾ? ಹೆಂಗೆ?"

ಅವರು ಕೈ ಒರೆಸಿಕೊಂಡು ಎದ್ದು, ಶೆಲ್ಫಿನ ಮೇಲಿನ ಸಾಲಿನಿಂದ ಹುಣಸೆಹಣ್ಣಿನ ಭರಣಿ ಸರಿಸಿ, ಅದರ ಹಿಂದಿನಿಂದ ಏನೋ ತೆಗೆದು ನನ್ನ ಮುಂದೆ ಇಟ್ಟರು. ಮುನಿರಾಜಣ್ಣ ಕೊಟ್ಟಿದ್ದ ನೀಲಿಯ ಪೊಟ್ಟಣ. ಬಾಯಿ ಕೂಡ ಬಿಚ್ಚಿರಲಿಲ್ಲ.

"ನನ್ನ ಬಚ್ಚಲು ಸೋರುತ್ತೆ ಅಂತ ನಾನೇ ಯಾಕೆ ಸಾಬೀತು ಮಾಡ್ಲಿ?" ಅಂದರು ಜಯಕ್ಕ. "ಬರೀ ನೀರು ನಿಲ್ಲಿಸಿ ಸುಮ್ನಿದ್ದೆ. ಸಂಜೆ ನೋಡಿದ್ರೆ ನೀಲಿ ಬಂದಿದೆ ಅಂತಾರೆ. ಹಾಕದೇ ಇರೋ ನೀಲಿ ಹೆಂಗೆ ಬರುತ್ತೆ ಅಂತ ನೋಡೋಕೆ ತಾನೇ ನಾನು ಕೆಳಗೆ ಬಂದಿದ್ದು? ಬಂದು ನೋಡಿದ್ರೆ ನಿನ್ನ ಮೊಣಕೈಯೆಲ್ಲ ನೀಲಿ. ಮೂಗಿನ ತುದೀಲೂ ಒಂದು ಚುಕ್ಕೆ."

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಮತ್ತೆ ಅಲ್ಲೇ ಹೇಳ್ಬೋದಿತ್ತಲ್ಲ ಅಕ್ಕ."

"ಹೇಳಿದ್ರೆ ನಾನು ನೀಲಿ ಹಾಕಿಲ್ಲ ಅನ್ನೋದು ಆಚೆ ಬರ್ತಿತ್ತಲ್ಲ." ಮತ್ತೆ ಕೂತು ಒಂದು ಕಾಳು ಕೈಗೆ ತೆಗೆದುಕೊಂಡು ದನಿ ತಗ್ಗಿಸಿದರು. "ಅದೂ ಅಲ್ದೆ, ಬಚ್ಚಲಿನ ಟೈಲ್ಸ್ ಬದಲಾಯಿಸಿ ಅಂತ ನಿಮ್ಮ ಭಾವನಿಗೆ ಎಷ್ಟು ವರ್ಷದಿಂದ ಹೇಳ್ತಾ ಇದೀನಿ. ನಾಳೆ ನಾಳೆ ಅಂತಾನೇ ಇದ್ರು. ನೀನು ಅಷ್ಟು ಕಷ್ಟಪಟ್ಟು ಕಟ್ಟೆ ಹತ್ತಿದೀಯ, ಒಡೆದ್ರೆ ಒಡೀಲಿ ಅಂತ ಸುಮ್ನಾದೆ."

ಇಷ್ಟು ದಿನ ನನ್ನನ್ನು ಕಾಡಿದ ಪಾಪಪ್ರಜ್ಞೆಗೆ ಹೊಸ ಗುಲಾಬಿ ಟೈಲ್ಸ್ ಬಂದಿತ್ತು. ನಾನು ನಗಲೋ ಅಳಲೋ ಅಂತ ಯೋಚಿಸುವಷ್ಟರಲ್ಲಿ ಕೆಳಗೆ ಗೇಟಿನ ಸದ್ದಾಯಿತು.

"ಅಕ್ಕ, ಮೇಸ್ತ್ರಿ ಕೆಲಸಾನೇ ಬಿಡ್ತೀನಿ ಅಂತಿದಾರೆ."

ಜಯಕ್ಕನ ಕೈ ನಿಂತಿತು. ಇದು ಅವರಿಗೆ ಗೊತ್ತಿರಲಿಲ್ಲ. ನಾನು ಹಿಂದಿನ ದಿನದ್ದನ್ನೆಲ್ಲ ಹೇಳಿದೆ, ಟೀ ಮುಟ್ಟದೆ ಹೋಗಿದ್ದನ್ನೂ ಹೇಳಿದೆ. ಅವರು ಅವರೆಕಾಳಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಪೊಟ್ಟಣ ಕೈಗೆ ತೆಗೆದುಕೊಂಡು, "ನಡಿ," ಅಂದರು. ಮೆಟ್ಟಿಲಿಳಿಯುವಾಗ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗಿಯರ ಹಾಗೆ ಒಬ್ಬರನ್ನೊಬ್ಬರು ಮುಂದೆ ತಳ್ಳಿಕೊಂಡು ಇಳಿದೆವು.

ಮುನಿರಾಜಣ್ಣ ಗೋಡೆಯ ಮೇಲೆ ಪೈಪ್ ಹೋಗಿರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಮೊದಲು ಜಯಕ್ಕ ಪೊಟ್ಟಣ ಕಟ್ಟೆಯ ಮೇಲಿಟ್ಟು ತಮ್ಮದನ್ನು ಹೇಳಿದರು. ಆಮೇಲೆ ನಾನು ಬಾಟಲಿ, ಬಟ್ಟಲು, ಬತ್ತಿ ಎಲ್ಲ ಹೇಳಿದೆ. "ನಿಮ್ಮ ತಪ್ಪು ಏನೂ ಇಲ್ಲ ಮುನಿರಾಜಣ್ಣ. ನಮ್ಮಿಬ್ಬರದೇ," ಅಂದೆ.

ಅವರು ಪೊಟ್ಟಣವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಸೀಲಿಂಗ್ ನೋಡಿದರು. ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಹಂಗಾದ್ರೆ ನೀಲಿ ಸುಳ್ಳು ಹೇಳಿಲ್ಲ," ಅಂದರು.

"ಇಲ್ಲ," ಅಂದೆವು ನಾವಿಬ್ಬರೂ.

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಹಿಂದಿನ ದಿನದಿಂದ ಹಿಡಿದಿಟ್ಟುಕೊಂಡಿದ್ದ ಉಸಿರಿರಬೇಕು ಅದು. ಆಮೇಲೆ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೇನೋ ಅಂತ ನಾನು ಹೆದರಿದೆ, ನೋಡಿದರೆ ನಗು. "ಬತ್ತೀಲಿ ಹಚ್ಚಿದ್ರಾ," ಅಂತ ಒಂದು ಸಲ, "ಹುಣಸೆಹಣ್ಣಿನ ಹಿಂದೆ ಇಟ್ಟಿದ್ರಾ," ಅಂತ ಇನ್ನೊಂದು ಸಲ ಹೇಳಿಕೊಂಡು, ಕಣ್ಣು ಒರೆಸಿಕೊಂಡು, ಉಳಿ ಸುತ್ತಿಗೆ ಕೈಗೆತ್ತಿಕೊಂಡರು. "ಇನ್ಮೇಲೆ ಯಾವ ಮನೇಲೇ ಆಗ್ಲಿ, ನೀಲಿ ನಾನೇ ಕಲಸಿ, ಬಚ್ಚಲಿಗೆ ಬೀಗ ಹಾಕಿ, ಕೀ ಜೇಬಲ್ಲಿಟ್ಕೊಂಡು ಹೋಗೋದು," ಅಂತ ಗೋಡೆಗೆ ಮೊದಲ ಏಟು ಕೊಟ್ಟರು. ಕುರಿ ಮೇಯಿಸುವ ಮಾತು ಮತ್ತೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಅಡುಗೆಮನೆ ಪೂರ್ತಿ ಧೂಳು. ಮುನಿರಾಜಣ್ಣ ವಾಲ್ವ್ ಬಿಟ್ಟು ತೋರಿಸಿದಾಗ, ಗೋಡೆ ಸೀಳಿ ಹೊರಗೆ ಬಂದ ಪೈಪಿನ ಜಾಯಿಂಟಿನಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ಅಷ್ಟರಲ್ಲಿ ಅಣ್ಣತಮ್ಮ ಇಬ್ಬರೂ ಟೀ ಅಂಗಡಿಯಿಂದ ಬಂದರು, ಈ ಸಲ ಜೊತೆಯಲ್ಲೇ. ಭಾವ ಬಾಗಿಲಲ್ಲಿ ನಿಂತು ಗೋಡೆಯನ್ನೂ ಮೇಸ್ತ್ರಿಯನ್ನೂ ನೋಡಿದರು.

"ಏನ್ ಮುನಿರಾಜು, ಕೊನೆಗೆ ಯಾರ ತಪ್ಪು ಅಂತ ಗೊತ್ತಾಯ್ತಾ?"

ನಾನು ಜಯಕ್ಕನ ಕಡೆ ನೋಡಿದೆ. ಜಯಕ್ಕ ಕಿಟಕಿಯ ಕಡೆ ನೋಡಿದರು. ಮುನಿರಾಜಣ್ಣ ಉಳಿಯನ್ನು ಕೆಳಗಿಟ್ಟು, ಮುಖದ ಮೇಲಿನ ಸಿಮೆಂಟ್ ಧೂಳನ್ನು ತೋಳಿನಿಂದ ಒರೆಸಿಕೊಂಡರು.

"ಪೈಪಿಂದು ಸಾರ್," ಅಂದರು. "ಪೂರಾ ಪೈಪಿಂದೇ."

ಭಾವ ಗಂಭೀರವಾಗಿ ತಲೆ ಆಡಿಸಿ, "ನಾನು ಆವತ್ತೇ ಅಂದ್ಕೊಂಡೆ," ಅಂದರು. ಜಯಕ್ಕ, ಊಟಕ್ಕೆ ಎಲ್ಲರೂ ಮೇಲೆ ಬನ್ನಿ, ಹಿತಕಿದ ಬೇಳೆ ಸಾರು ಮಾಡಿದೀನಿ ಅಂತ ಹೇಳಿ ಮೆಟ್ಟಿಲ ಕಡೆ ನಡೆದರು. ಮೇಲೆ ನಾನು ತಟ್ಟೆ ಹಾಕಿದೆ, ಅವರು ಬಡಿಸಿದರು. ಮನೆಯ ಗಂಡಸರಿಬ್ಬರೂ ತಟ್ಟೆ ಮುಂದೆ ಕೈ ಕಟ್ಟಿಕೊಂಡು ಕಾಯುತ್ತಿದ್ದರೆ, ಮೊದಲನೆಯ ಮುದ್ದೆ, ಎಲ್ಲಕ್ಕಿಂತ ದೊಡ್ಡದು, ಮೇಸ್ತ್ರಿಯ ತಟ್ಟೆಗೆ ಹೋಯಿತು. ಯಾಕೆ ಅಂತ ಭಾವ ಕೇಳಿದರು. ಜಯಕ್ಕ ಅದೇ ತಟ್ಟೆಗೆ ಒಂದು ಸೌಟು ಸಾರನ್ನೂ ಹಾಕಿದರು.